ಕೆಂಪು ಗೆರೆಗೆ ಕತ್ತರಿ

ಆಸ್ಪತ್ರೆಯ ಸಿಂಕಿನಲ್ಲಿ, ಮಂಚದ ಕಂಬಿಯಲ್ಲಿ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಠಿಕಾಣಿ ಹೂಡಿವೆ ಎಂದು ಓದಿ ನಮ್ಮ ಕೋಲಾರದವರು ಬೆಚ್ಚಿಬಿದ್ದಿದ್ದಾರೆ. ಬೆಚ್ಚುವುದೇಕೆ? ಇಷ್ಟು ವರ್ಷ ಬೇಕಾಬಿಟ್ಟಿ ಮಾತ್ರೆ ನುಂಗಿ ಅವನ್ನು ಮುತುವರ್ಜಿಯಿಂದ ಸಾಕಿದವರು ನಾವೇ ಅಲ್ಲವೇ?

ಸಂಜೆ ಹೊತ್ತು ಔಷಧಿ ಅಂಗಡಿಯ ಮುಂದೆ ನಿಂತು ನೋಡಿ. ‘ಗಂಟಲು ಕೆರೆತ, ಒಳ್ಳೆಯ ಮಾತ್ರೆ ಎರಡು ಕೊಡಿ.’ ಬ್ಯಾಕ್ಟೀರಿಯಾ ಕೊಲ್ಲುವ ಸೆಫಿಕ್ಸಿಮ್ ಮಾತ್ರೆಯ ಪಟ್ಟಿಗೆ ಕತ್ತರಿ ಬೀಳುತ್ತದೆ. ಅವಧಿ ಮುಗಿಯುವ ದಿನಾಂಕ ಅಂಗಡಿಯವನ ಪಾಲಿಗೆ, ಕೆಂಪು ಗೆರೆಯ ತುಂಡು ಗಿರಾಕಿಯ ಪಾಲಿಗೆ. ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ ಎನ್ನಲು 2016ರಲ್ಲಿ ಕೇಂದ್ರ ಸರ್ಕಾರ ಡಂಗುರ ಸಾರಿದ ಗೆರೆಯದು. ನಮಗೆ ತಿಳಿದಿರುವುದಿಷ್ಟೇ: ಗೆರೆ ಇದ್ದರೆ ಮಾತ್ರೆ ಸ್ಟ್ರಾಂಗ್. ಚೀಟಿ ಇಲ್ಲದೆ ಮಾರಬಾರದ ಇಂಥ ಔಷಧಿಗಳಿಗೆಂದು 2014ರಿಂದ ಜಾರಿಯಲ್ಲಿರುವ ಎಚ್‌1 ನಿಯಮದಂತೆ ಅಂಗಡಿಯವನು ರೋಗಿಯ ಹೆಸರು, ವೈದ್ಯರ ಹೆಸರು ಬರೆದ ಪುಸ್ತಕವನ್ನು ಮೂರು ವರ್ಷ ಕಾಪಾಡಬೇಕು. ಪುಸ್ತಕ ಇದೆ. ಅದರ ಮೇಲೆ ಊದುಬತ್ತಿಯ ಸ್ಟ್ಯಾಂಡ್ ಇದೆ.

ಹೆಸರೆಂದಾಗ ನೆನಪಾಯಿತು. ಕಾರ್ಬಪೆನೆಮ್ ಔಷಧಿಯಂಥ ಕಡೆಯ ಅಸ್ತ್ರವನ್ನೇ ಮುರಿಯುವ, ಬ್ಯಾಕ್ಟೀರಿಯಾ ತಯಾರಿಸುವ ಕಿಣ್ವವೊಂದಕ್ಕೆ ವಿಜ್ಞಾನಿಗಳು ನವದೆಹಲಿಯ ಹೆಸರಿಟ್ಟರು, ಎನ್‌ಡಿಎಂ-1. 2010ರಲ್ಲಿ ಸಂಸತ್ತಿನಲ್ಲೂ ಕೋಲಾಹಲ. ಕಿಣ್ವ ಇದ್ದರೆ ಇರಲಿ, ಹೆಸರು ಮಾತ್ರ ಬೇಡ! ದೆಹಲಿಗೆ ಬೇಡವಾಗಿದ್ದರೆ ನಮಗಾದರೂ ಕೊಡಬಹುದಿತ್ತು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಜಗತ್ತಿಗೆ ಹೇಳಿಕೊಳ್ಳಲು ಕೋಲಾರಕ್ಕೂ ಏನಾದರೊಂದು ಬೇಕಾಗಿತ್ತು. ಸ್ವಾಗತ ಕಮಾನು ಕಟ್ಟಿಸಿ, ಅದರ ಮೇಲೆ ನಾಯಕರ ಫೋಟೊ ಹಾಕಿಸುತ್ತಿದ್ದೆವು.

ಆ ಬ್ಯಾಕ್ಟೀರಿಯಾಗಳ ಒಗ್ಗಟ್ಟನ್ನಂತೂ ಮೆಚ್ಚಬೇಕು. ಔಷಧಿಗೆ ಬಗ್ಗದಿರುವ ವಿದ್ಯೆಯನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಲ್ಲಿಟ್ಟು, ಪರೀಕ್ಷೆಯಲ್ಲಿ ಚೀಟಿ ದಾಟಿಸುವಂತೆ ಪಕ್ಕದವಕ್ಕೆ ದಾಟಿಸುತ್ತವೆ. ಜಾತಿ ಕೇಳುವುದಿಲ್ಲ. ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಮಂಚದ ಮೇಲೂ ವಾರಗಟ್ಟಲೆ ಬದುಕಿರಬಲ್ಲದು. ರೋಗಿಯನ್ನು ನೋಡಲು ದಂಡು ಕಟ್ಟಿಕೊಂಡು ಹೋದ ನಾವು ಅದೇ ಮಂಚದ ಅಂಚಿನಲ್ಲಿ ಕೂತು ಕಿತ್ತಳೆ ಸುಲಿಯುತ್ತೇವೆ. ಗೋಡೆಯ ಮೇಲೆ ‘ಕೈ ತೊಳೆಯಿರಿ’ ಫಲಕ, ಕೆಳಗೆ ಸೋಪಿಲ್ಲದ ಸಿಂಕು. ಫಲಕ ಉದ್ಘಾಟಿಸಿದವರು ಬೂಟು ಕಾಲಿನಲ್ಲೇ ತೀವ್ರ ನಿಗಾ ಘಟಕ ಸುತ್ತಿ ಬಂದಿದ್ದರು, ಹಾರ ಸಮೇತ.

ತಮಾಷೆ ಸಾಕು. ನವಜಾತ ಶಿಶುಗಳ ವಾರ್ಡಿನಲ್ಲಿ ಎರಡು ದಿನದ ಕೂಸಿಗೆ ಔಷಧಿಗೆ ಜಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿದರೆ, ಆ ಕೂಸು ಯಾವ ಅಂಗಡಿಯಲ್ಲೂ ಎರಡು ಮಾತ್ರೆ ಕೇಳಿರಲಿಲ್ಲ. ಬೇರೆ ಯಾವುದೂ ನಾಟದಿದ್ದಾಗ ವೈದ್ಯರು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಕೊಲಿಸ್ಟಿನ್ ಎಂಬ ಹಳೆಯ ಔಷಧಿಯನ್ನು ಹುಡುಕಬೇಕು. ಅದನ್ನೂ ಕೋಳಿಯ ತೂಕ ಹೆಚ್ಚಲೆಂದು ಮೇವಿಗೆ ಬೆರೆಸುತ್ತಿದ್ದೆವು. ನಿಷೇಧ ಬಂದದ್ದು 2019ರಲ್ಲಿ. ಕೂಸು ಉಳಿಯದಿದ್ದರೆ ಕಲ್ಲು ಬೀಳುವುದು ಆಸ್ಪತ್ರೆಯ ಗಾಜಿಗೆ. ಔಷಧಿ ನಿಯಂತ್ರಣದವರ ಕಚೇರಿ ಊರಿನಲ್ಲಿ ಎಲ್ಲಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?