ಪದದೊಳಗಿನ ಪೆಟ್ಟು

ನಮ್ಮ ಆಫೀಸಿನ ಹುಡುಗನೊಬ್ಬ ಮೊನ್ನೆ ಒಂದು ಫೈಲು ಕಳಿಸಿ, "ಎರಡು ವಾರದಿಂದ ಸ್ಲಾಗ್ ಮಾಡ್ತಿದೀನಿ ಸಾರ್, ಒಂದ್ಸಲ ನೋಡಿಬಿಡಿ" ಅಂದ. ನನಗೆ ಸ್ಲಾಗ್ ಅಂದರೆ ಕ್ರಿಕೆಟ್. ಕೊನೆಯ ಓವರುಗಳಲ್ಲಿ ಕಣ್ಣು ಮುಚ್ಚಿಕೊಂಡು ಬ್ಯಾಟು ಬೀಸುವುದು, ತಗುಲಿದರೆ ಸಿಕ್ಸು, ಇಲ್ಲದಿದ್ದರೆ ಪೆವಿಲಿಯನ್. ಇವನ ಮುಖ ಸಿಕ್ಸು ಹೊಡೆದವನ ಹಾಗಿರಲಿಲ್ಲ. ಅಲ್ಲಿ ಅಷ್ಟು ಅವಸರದ ಪದ ಇಲ್ಲಿ ಇಷ್ಟು ನಿಧಾನವಾದದ್ದು ಹೇಗಪ್ಪಾ ಅಂತ, ಊಟ ಆದಮೇಲೆ ಫೈಲು ಪಕ್ಕಕ್ಕಿಟ್ಟು ಸುಮ್ನೆ ನಿಘಂಟು ತೆರೆದೆ.

ನನ್ನ ಅರ್ಥವೇ ಹಳೆಯದಂತೆ! 19ನೇ ಶತಮಾನದಲ್ಲಿ ಸ್ಲಾಗ್ ಅಂದರೆ ಮೊದಲು ಜೋರಾಗಿ ಬಾರಿಸುವುದು. ಕಾಲೆಳೆದುಕೊಂಡು ನಡೆಯುವುದು, ಬಿಡದೆ ದುಡಿಯುವುದು ಎಲ್ಲ ಆಮೇಲೆ ಸೇರಿಕೊಂಡದ್ದು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪಕ್ಕದಲ್ಲೇ ಟಾಯ್ಲ್ ಕಂಡಿತು, ಮೈಮುರಿದು ದುಡಿಯುವುದು ಅಂತ. ಫ್ರೆಂಚಿನಿಂದ ಬಂದ ಈ ಪದಕ್ಕೆ ಇಂಗ್ಲಿಷಿನಲ್ಲಿ ಮೊದಲಿದ್ದ ಅರ್ಥ ಜಗಳ, ಗಲಾಟೆ. ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನಲ್ಲಿ ಆಲಿವ್ ಕಾಯಿ ಜಜ್ಜುವ ಒಂದು ಸಣ್ಣ ಯಂತ್ರ, ಅದರ ಹೆಸರಿನೊಳಗೆ ಒಂದು ಸುತ್ತಿಗೆ. ಅಂದರೆ ಗಾಣ! ನಮ್ಮಲ್ಲೂ ಗಾಣದೆತ್ತಿನ ಹಾಗೆ ದುಡಿದ ಅಂತೀವಲ್ವಾ? ಒಂದೇ ವ್ಯತ್ಯಾಸ. ನಾವು ಹೊರಗೆ ಸುತ್ತು ಹಾಕುವ ಎತ್ತನ್ನು ನೋಡಿದೆವು, ಅವರ ಪದ ಒಳಗೆ ಜಜ್ಜಿಸಿಕೊಳ್ಳುವ ಕಾಯಿಯ ಕಡೆ ಇದೆ. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸಲು ರಾತ್ರಿ ಹನ್ನೊಂದರವರೆಗೆ ಕೂತವರಿಗೆ ಎತ್ತೂ ತಾವೇ, ಎಳ್ಳೂ ತಾವೇ.

ಟ್ರಾವೇಲ್ ಕಥೆ ಇನ್ನೂ ಕಷ್ಟದ್ದು. ಹೆಚ್ಚಿನ ನಿಘಂಟುಗಳ ಪ್ರಕಾರ ಅದರ ಬೇರು ಮೂರು ಗೂಟಗಳ ಒಂದು ಚಿತ್ರಹಿಂಸೆಯ ಸಾಧನ. ಫ್ರೆಂಚರಲ್ಲಿ ಆ ಪದವೇ ಇವತ್ತು ದಿನನಿತ್ಯದ ಕೆಲಸಕ್ಕೆ ಹೆಸರು. ಇಂಗ್ಲಿಷಿನವರು ಅದನ್ನು ಪಾಡು, ಹೆರಿಗೆ ನೋವು ಅಂತ ಇಟ್ಟುಕೊಂಡರು, ಅದರಿಂದಲೇ ಪ್ರಯಾಣಕ್ಕೆ ಟ್ರಾವೆಲ್ ಅಂತಲೂ ಮಾಡಿಕೊಂಡರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ನಿಜಕ್ಕೂ ಬೇಜಾರಾದದ್ದು ಗ್ರುಯೆಲಿಂಗ್ ನೋಡಿ. ಸುಸ್ತು ಹೊಡೆಸುವ ಕೆಲಸಕ್ಕೆ ಹೇಳುವ ಪದ. ಗ್ರುಯೆಲ್ ಅಂದರೆ ಗಂಜಿ ತಾನೇ? ಹಿಂದೆ ಆಡುಮಾತಿನಲ್ಲಿ ಒಬ್ಬನಿಗೆ ಅವನ ಗಂಜಿ ಸಿಕ್ಕಿತು ಅಂದರೆ ಶಿಕ್ಷೆ ಆಯಿತು ಅಂತ ಅರ್ಥವಂತೆ. ನಮ್ಮ ಕರಾವಳಿಯವರು ಇದನ್ನು ಸುತರಾಂ ಒಪ್ಪಲಿಕ್ಕಿಲ್ಲ. ಕುಚ್ಚಲಕ್ಕಿ ಗಂಜಿ, ಮೇಲೊಂದು ಮಾವಿನ ಮಿಡಿ ಉಪ್ಪಿನಕಾಯಿ, ಅದು ಶಿಕ್ಷೆಯಾದರೆ ನಾನೂ ತಪ್ಪು ಮಾಡಲು ರೆಡಿ.

ಗ್ರೈಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನಾ ಅದೇ ಗ್ರೈಂಡು ಅಂತ ದುಡಿಯುವವನು ಗೊಣಗುತ್ತಾನೆ, ಆದರೆ ಕನ್ನಡದಲ್ಲಿ ರುಬ್ಬುವವನು ಅವನಲ್ಲ, ಅವನ ಮ್ಯಾನೇಜರು. ಮೀಟಿಂಗಿನಲ್ಲಿ ಚೆನ್ನಾಗಿ ರುಬ್ಬಿದರು ಅಂತೀವಲ್ಲ! ನಿಧಾನದ ದುಡಿಮೆಗೆ ನಮ್ಮಲ್ಲಿರುವುದು ಬೇರೆ ಕಲ್ಲು. ಮನೆಗಾಗಿ ಜೀವ ತೇಯ್ದಳು ಅನ್ನುತ್ತೇವೆ, ಗಂಧದ ಕೊರಡಿನ ಹಾಗೆ. ಇಲ್ಲಿ ಪೆಟ್ಟಿನ ಸದ್ದಿಲ್ಲ. ಆದರೆ ಕೊರಡಂತೂ ಸವೆಯುತ್ತದೆ.

ಹುಡುಕುತ್ತಾ ಹುಡುಕುತ್ತಾ ಡ್ರಜ್‌ಗೆ ಬಂದಾಗ ಸಂಜೆಯ ಕಾಫಿ ಹೊತ್ತು. ಇಂಗ್ಲೆಂಡಿನ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಮೂರು ವರ್ಷದಲ್ಲಿ ಮುಗಿಸುತ್ತೇನೆ ಅಂದ ನಿಘಂಟಿಗೆ ಒಂಬತ್ತು ವರ್ಷ ತಗೊಂಡು 1755ರಲ್ಲಿ ಹೊರತಂದ. ಅದರಲ್ಲಿ ನಿಘಂಟು ಬರೆಯುವವನು ಅಂದರೆ ಯಾರು ಅನ್ನುವುದಕ್ಕೆ, ಯಾರಿಗೂ ಕೇಡು ಮಾಡದ ಒಬ್ಬ ಡ್ರಜ್ ಅಂತ ಬರೆದುಕೊಂಡ. ಕತ್ತೆಚಾಕರಿ ಮಾಡುವ ಪಾಪದ ಪ್ರಾಣಿ ಅಂತ. ಓದಿ ಒಬ್ಬನೇ ನಗುತ್ತಿದ್ದೆ. ಹುಡುಗ ಬಾಗಿಲಲ್ಲಿ ನಿಂತು, "ಫೈಲ್ ನೋಡಿದ್ರಾ ಸಾರ್?" ಅಂದ.