ಅಣಕು ಕಾರ್ಯಾಚರಣೆ ರಾತ್ರಿ ಪಾಳಿಗೂ ಬೇಕು
ಕಾರ್ಖಾನೆಗಳಲ್ಲಿ ಅಣಕು ಕಾರ್ಯಾಚರಣೆ, ಅಂದರೆ ಅವಘಡವಾದಾಗ ಏನು ಮಾಡಬೇಕೆಂಬುದರ ಪೂರ್ವಾಭ್ಯಾಸ, ತಪ್ಪದೆ ನಡೆಯಬೇಕೆಂದು ಕಾರ್ಖಾನೆ ಸುರಕ್ಷತೆ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿರುವುದು ಸರಿ. ಆದರೆ ಯಾವ ಹೊತ್ತಿನಲ್ಲಿ ಎಂಬುದನ್ನೂ ಹೇಳಬೇಕಿತ್ತು. ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ 2020ರ ಮೇ 7ರಂದು ಸ್ಟೈರೀನ್ ಎಂಬ ವಿಷಕಾರಿ ರಾಸಾಯನಿಕದ ಆವಿ ಸೋರಿದ್ದು ನಸುಕಿನಲ್ಲಿ, ಸುತ್ತಲಿನ ಜನ ಮಲಗಿದ್ದಾಗ. ಸೈರನ್ ಮೊಳಗಲೇ ಇಲ್ಲ.

ಅಮೋನಿಯಾ ಅನಿಲ ಬಳಸಿ ತಂಪು ಮಾಡುವ ಶೀತಲೀಕರಣ ಘಟಕವಿದ್ದ ಕಾರ್ಖಾನೆಯೊಂದರಲ್ಲಿ ನಾನು ಹನ್ನೊಂದು ವರ್ಷ ದುಡಿದಿದ್ದೇನೆ. ಅಣಕು ಕಾರ್ಯಾಚರಣೆ ಯಾವಾಗಲೂ ಬೆಳಿಗ್ಗೆ 11ಕ್ಕೆ, ಅದೂ ಮೊದಲೇ ತಿಳಿಸಿ. ಒಂದು ರಾತ್ರಿ ವಾಲ್ವ್ ಸೋರಿ ಕಣ್ಣು ಉರಿಯತೊಡಗಿದಾಗ ಗುತ್ತಿಗೆ ಹುಡುಗರು ಗಾಳಿ ಬೀಸುವ ದಿಕ್ಕಿಗೇ ಓಡಿದರು. ಗಾಳಿಗೆ ಅಡ್ಡವಾಗಿ ಓಡಬೇಕು, ಮೂಗಿಗೆ ಒದ್ದೆ ಬಟ್ಟೆ ಹಿಡಿಯಬೇಕು. ಬಟ್ಟೆ ಒದ್ದೆಯಿರಬೇಕು ಏಕೆಂದರೆ ಅಮೋನಿಯಾ ನೀರಿನಲ್ಲಿ ಬೇಗ ಕರಗುತ್ತದೆ. ಇಷ್ಟನ್ನೂ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಾಳಿಯ ದಿಕ್ಕು ತೋರಿಸಬೇಕಿದ್ದ ಬಟ್ಟೆಯ ಗಾಳಿಚೀಲ ಹರಿದು ಕಂಬಕ್ಕೆ ಸುತ್ತಿಕೊಂಡಿತ್ತು. ತುರ್ತು ಬಾಗಿಲಿನ ಮುಂದೆ ರಟ್ಟಿನ ಪೆಟ್ಟಿಗೆಗಳ ರಾಶಿ.

ತಪಾಸಣೆಯ ಅಧಿಕಾರಿಗಳು ದಯವಿಟ್ಟು ಒಮ್ಮೆ ರಾತ್ರಿ ಎರಡು ಗಂಟೆಗೆ ಬರಲಿ.