ಬರೀ ಬಾಗಿಲು ನೋಡಿ ಗೆಲ್ಲಿಸಬೇಡಿ

ಮರ್ಸಿಡಿಸ್ 300 ಎಸ್‌ಎಲ್ ಮುಂದೆ ಜಾಗ್ವಾರ್ ಇ-ಟೈಪ್ ಸಪ್ಪೆ ಅಂತ ಹಳೇ ಸ್ಪೋರ್ಟ್ಸ್ ಕಾರುಗಳ ಬಗೆಗಿನ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ.

ಮರ್ಸಿಡಿಸ್‌ನಲ್ಲಿ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಆ ಬಾಗಿಲು ಸುಮ್ನೆ ಶೋಕಿಗೆ ಇಟ್ಟಿದ್ದಲ್ಲ. ಕಾರಿನ ಚೌಕಟ್ಟನ್ನು ಸಣ್ಣ ಕೊಳವೆಗಳನ್ನು ಬೆಸೆದು ಮಾಡಿದ್ದಾರೆ. ಗಟ್ಟಿಯಾಗಿರಲಿ ಅಂತ ಅದು ಎರಡೂ ಪಕ್ಕದಲ್ಲಿ ಎತ್ತರಕ್ಕೆ ಬಂದಿದೆ. ಮಾಮೂಲಿ ಬಾಗಿಲಿಗೆ ಅಲ್ಲಿ ಜಾಗವೇ ಇಲ್ಲ. 1954ರಲ್ಲೇ ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಇಂಜಿನ್ ಕೊಟ್ಟರಲ್ಲ, ಅದಕ್ಕೆ ಕೈ ಮುಗಿಯಬೇಕು. ಆದರೆ ಹಿಂದಿನ ಚಕ್ರಗಳ ಸ್ವಿಂಗ್ ಆಕ್ಸಲ್ (ಚಕ್ರದ ಜೊತೆ ಮೇಲೆ ಕೆಳಗೆ ಆಡುವ ಅಚ್ಚು)? ವೇಗದ ತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಜಾರುವ ಭಯ. ಬ್ರೇಕ್ ಕೂಡ ಹಳೇ ಬಗೆಯ ಡ್ರಮ್.

1961ರ ಇ-ಟೈಪ್‌ನಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಹಿಂದಿನ ಚಕ್ರಗಳ ಸಸ್ಪೆನ್ಷನ್ ಎಷ್ಟೋ ಪಳಗಿದ್ದು. ಏಳು ವರ್ಷದ ಅಂತರ ಇದೆ, ನಿಜ. ಮೊದಮೊದಲ ಗೇರ್‌ಬಾಕ್ಸ್ ಒರಟು, ಅದೂ ನಿಜ. ಆದರೆ ಬೆಲೆ ನೋಡಿ! ಅಷ್ಟೇ ವೇಗದ ಫೆರಾರಿಗಿಂತ ತುಂಬಾ ಕಡಿಮೆ. ಬಾಗಿಲು ಮೇಲೇಳುವ 300 ಎಸ್‌ಎಲ್ ಬರೀ 1,400 ತಯಾರಾದವು. ಇ-ಟೈಪ್ 70,000ಕ್ಕೂ ಜಾಸ್ತಿ. ಅಷ್ಟು ಜನರ ಕೈಗೆ ಅಂಥ ಕಾರು ಸಿಕ್ಕಿದ್ದೇ ದೊಡ್ಡ ಗೆಲುವು ಅಲ್ವಾ?